ಕೆಂಪು ಔಷಧದ ಇಳುವರಿ

ಡಾಕ್ಸೊರುಬಿಸಿನ್ ಹಾಕುವ ದಿನ ರೋಗಿಗೆ ಮುಂಚೆಯೇ ಹೇಳಬೇಕಾದ ಮಾತೊಂದಿದೆ. "ನಾಳೆವರೆಗೂ ಮೂತ್ರ ಕೆಂಪಗೆ ಹೋಗುತ್ತೆ ಅಮ್ಮ, ಅದು ರಕ್ತ ಅಲ್ಲ, ಔಷಧದ ಬಣ್ಣ." ಇಷ್ಟು ಹೇಳದಿದ್ದರೆ ಆ ರಾತ್ರಿ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಬೆಂಗಳೂರಿನಲ್ಲಿ ಕ್ಯಾನ್ಸರ್ ಡೇ-ಕೇರ್ ವಾರ್ಡಿನ ನರ್ಸ್ ಆಗಿದ್ದಷ್ಟು ಕಾಲ ಈ ಮಾತನ್ನು ಹೇಳುತ್ತಲೇ ಬಂದವಳು ನಾನು. ಸ್ತನದ ಕ್ಯಾನ್ಸರಿಗೆ ಕೊಡುವ ಎ.ಸಿ. ಚಿಕಿತ್ಸೆಯಲ್ಲಿ ಮೈಯ ಪ್ರತಿ ಚದರ ಮೀಟರಿಗೆ 60 ಮಿಲಿಗ್ರಾಂ ಲೆಕ್ಕ. ಸಾಧಾರಣ ಮೈಕಟ್ಟಿನ ಹೆಂಗಸಿಗೆ 90 ಮಿಲಿಗ್ರಾಂ, ಅಂದರೆ 45 ಎಂ.ಎಲ್. ಕೆಂಪು ದ್ರವ. ಸಲೈನ್ ಹರಿಯುತ್ತಿರುವಾಗಲೇ ಅದರ ಜೊತೆಗೆ ಸಿರಿಂಜಿನಿಂದ ನಿಧಾನವಾಗಿ ತಳ್ಳಬೇಕು. ನಡುನಡುವೆ ಹಿಂದಕ್ಕೆಳೆದು ರಕ್ತ ಬರುತ್ತಿದೆಯೇ ಎಂದು ನೋಡಬೇಕು. ಸೂಜಿ ಜಾರಿ ಔಷಧ ಚರ್ಮದಡಿಗೆ ಸೋರಿದರೆ ಅಲ್ಲಿನ ಮಾಂಸ ಸತ್ತುಹೋಗುತ್ತದೆ. ಹಾಗಾಗಿ ಸಿರಿಂಜು ಖಾಲಿಯಾಗುವವರೆಗೂ ನರ್ಸ್ ಪಕ್ಕ ಬಿಟ್ಟು ಏಳುವಂತಿಲ್ಲ. ಮಾತು ಬೆಳೆಯುವುದು ಆಗಲೇ.

"ಇದನ್ನ ಯಾವುದರಿಂದ ಮಾಡ್ತಾರೆ ಸಿಸ್ಟರ್?" ಎಂದು ಕೇಳುತ್ತಿದ್ದರು. "ಮಣ್ಣಲ್ಲಿರೋ ಒಂದು ಜೀವಿಯಿಂದ" ಎನ್ನುತ್ತಿದ್ದೆ. ಬೇಸಾಯದ ಮನೆಗಳಿಂದ ಬಂದವರಿಗೆ ಇದು ಆಶ್ಚರ್ಯದ ಮಾತಾಗುತ್ತಿರಲಿಲ್ಲ. ಅವರ ಮುಂದಿನ ಪ್ರಶ್ನೆ ಮಾತ್ರ ಬೇರೆಯವರು ಯಾರೂ ಕೇಳದಂಥದ್ದು: "ಮಣ್ಣಲ್ಲೇ ಇದೆ ಅಂದ್ರೆ ಬೇಕಾದಷ್ಟು ಸಿಗಬೇಕಲ್ಲ?"

ಸಿಗುವುದಿಲ್ಲ. ಆ ಜೀವಿ ಈ ಔಷಧವನ್ನು ಕೈ ಬಿಗಿಹಿಡಿದು, ತೊಟ್ಟು ತೊಟ್ಟಾಗಿ ಮಾಡುತ್ತದೆ. ಔಷಧಗಳ ಚರಿತ್ರೆ ಬರೆಯುವವರು ಕಂಡುಹಿಡಿದ ವರ್ಷವನ್ನು ದೊಡ್ಡದಾಗಿ ಬರೆದು ಮುಂದಿನ ಔಷಧಕ್ಕೆ ಹೋಗಿಬಿಡುತ್ತಾರೆ. ನನ್ನ ಕಣ್ಣಿಗೆ ಡಾಕ್ಸೊರುಬಿಸಿನ್‌ನ ಚರಿತ್ರೆ ಇಳುವರಿಯ ಚರಿತ್ರೆ. ಆ ಬ್ಯಾಕ್ಟೀರಿಯಾದಿಂದ ಇನ್ನೊಂದಿಷ್ಟು ಪಡೆಯಲು ಅರವತ್ತು ವರ್ಷಗಳಿಂದ ನಾಲ್ಕಾರು ದೇಶಗಳ ಜನ ಪಟ್ಟ ಪಾಡು ಅದು, ಇನ್ನೂ ಮುಗಿದಿಲ್ಲ.

ಮಣ್ಣು ಇಟಲಿಯದು. ಆಗ್ನೇಯ ಇಟಲಿಯ ಪುಲಿಯಾ ಪ್ರಾಂತದಲ್ಲಿ, ಆಂಡ್ರಿಯಾ ಊರಿಗೆ ಹತ್ತಿರದ ಗುಡ್ಡದ ಮೇಲೆ ಕ್ಯಾಸ್ಟೆಲ್ ಡೆಲ್ ಮಾಂಟೆ ಎಂಬ ಕೋಟೆಯಿದೆ. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡರಿಕ್ ಕಟ್ಟಿಸಿದ್ದು. ಕೋಟೆಗೆ ಎಂಟು ಮೂಲೆ, ಮೂಲೆಗೊಂದು ಬುರುಜು, ಆ ಬುರುಜುಗಳಿಗೂ ಎಂಟೆಂಟೇ ಮೂಲೆ. ಇಟಲಿಯ ಒಂದು ಸೆಂಟ್ ನಾಣ್ಯದ ಮೇಲಿರುವುದು ಇದೇ ಕೋಟೆ. 1950ರ ದಶಕದಲ್ಲಿ ಮಿಲಾನಿನ ಫಾರ್ಮಿಟಾಲಿಯಾ ಕಂಪನಿಯ ಸಂಶೋಧಕರು ಕ್ಯಾನ್ಸರಿಗೆ ಮದ್ದು ಹುಡುಕುತ್ತ ಪರೀಕ್ಷಿಸಿದ ಮಣ್ಣುಗಳಲ್ಲಿ ಈ ಕೋಟೆಯ ಸುತ್ತಿನದೂ ಒಂದು. ಅದರಲ್ಲಿ ಬೆಳೆದ ಒಂದು ಸ್ಟ್ರೆಪ್ಟೊಮೈಸಿಸ್ ಗಾಢ ಕೆಂಪು ಬಣ್ಣ ಬಿಡುತ್ತಿತ್ತು. ರೋಮನ್ನರಿಗಿಂತ ಮುಂಚೆ ಆ ಸೀಮೆಯಲ್ಲಿದ್ದ ಜನಾಂಗದ ಹೆಸರನ್ನೇ ಇಟ್ಟು ಅದನ್ನು ಸ್ಟ್ರೆಪ್ಟೊಮೈಸಿಸ್ ಪ್ಯೂಸೆಟಿಯಸ್ ಎಂದು ಕರೆದರು.

ಸ್ಟ್ರೆಪ್ಟೊಮೈಸಿಸ್ ನಮಗೂ ಗೊತ್ತಿರುವ ಜೀವಿಯೇ. ಮುಂಗಾರಿನ ಮೊದಲ ಹನಿ ಬಿದ್ದಾಗ ಏಳುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಮುಖ್ಯವಾಗಿ ಮಾಡುವುದು ಇವೇ ಬ್ಯಾಕ್ಟೀರಿಯಾಗಳು. ಉಳಿದ ಬ್ಯಾಕ್ಟೀರಿಯಾಗಳಂತೆ ಇವು ಬಿಡಿಬಿಡಿಯಾಗಿರದೆ ಬೂಷ್ಟಿನಂತೆ ಎಳೆ ಎಳೆಯಾಗಿ ಹಬ್ಬುತ್ತವೆ. ಅಮೆರಿಕದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯ ಈ ಕುಲದಿಂದ 1940ರಲ್ಲಿ ಆಕ್ಟಿನೊಮೈಸಿನ್ ಪಡೆದಿತ್ತು. 1943ರಲ್ಲಿ ಶಿಷ್ಯ ಆಲ್ಬರ್ಟ್ ಶಾಟ್ಜ್ ಅಲ್ಲೇ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಕ್ಷಯಕ್ಕೆ ಮೊದಲ ಮದ್ದು ಅದು. ಆಕ್ಟಿನೊಮೈಸಿನ್ ಸೋಂಕಿಗೆ ಕೊಡಲಾಗದಷ್ಟು ವಿಷ. ಆದರೆ ಮಕ್ಕಳ ಮೂತ್ರಪಿಂಡದ ಕ್ಯಾನ್ಸರಿಗೆ ಅದು ಆಗಿಬಂತು. ಮಣ್ಣಿನ ವಿಷದಲ್ಲಿ ಕ್ಯಾನ್ಸರಿನ ಮದ್ದು ಇರಬಹುದು ಎಂಬ ನಂಬಿಕೆ ಬೇರೂರಿದ್ದು ಹೀಗೆ. ಅದೇ ಕಾಲದಲ್ಲಿ ಪುಣೆಯ ಪಕ್ಕದ ಪಿಂಪ್ರಿಯಲ್ಲಿ, ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದ್ದ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರೂ ಇದೇ ಕುಲವನ್ನು ಸೋಸುತ್ತಿದ್ದರು. ಅವರಿಗೆ ಸಿಕ್ಕಿದ್ದು ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ. ತಿರುಮಲಾಚಾರ್ ಹೆಸರು ನಮ್ಮ ಮಕ್ಕಳಿಗೆ ತಿಳಿದಿಲ್ಲವೆಂಬುದು ನನಗೆ ಬೇಸರದ ಸಂಗತಿ.

ಫಾರ್ಮಿಟಾಲಿಯಾದವರು ಕೆಂಪು ವಸ್ತುವನ್ನು ಬೇರ್ಪಡಿಸಿ 1963ರ ಹೊತ್ತಿಗೆ ಡೌನೊಮೈಸಿನ್ ಎಂದು ಪ್ರಕಟಿಸಿದರು. ಫ್ರಾನ್ಸಿನ ರೋನ್-ಪೂಲೆಂಕ್ ಕಂಪನಿಯವರು ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ನಿಂದ ಅದೇ ಅಣುವನ್ನು ಅದೇ ಸುಮಾರಿಗೆ ಪಡೆದು ರುಬಿಡೊಮೈಸಿನ್ ಎಂದಿದ್ದರು. ಎರಡೂ ಹೆಸರು ಕೂಡಿ ಡೌನೊರುಬಿಸಿನ್ ಆಯಿತು. ಚಪ್ಪಟೆಯಾದ ನಾಲ್ಕು ಉಂಗುರಗಳ ಅಣು, ಅದಕ್ಕೊಂದು ಸಕ್ಕರೆಯ ಬಾಲ. ಉಂಗುರಗಳು ಜೀವಕೋಶದ ಡಿಎನ್‌ಎ ಏಣಿಯ ಮೆಟ್ಟಿಲುಗಳ ಸಂದಿಗೆ ನುಗ್ಗಿ ಕೂರುತ್ತವೆ. ಡಿಎನ್‌ಎಯ ಸಿಕ್ಕು ಬಿಡಿಸಲು ಅದನ್ನು ಕತ್ತರಿಸಿ ಮತ್ತೆ ಬೆಸೆಯುವ ಕಿಣ್ವವೊಂದು ನಮ್ಮ ಕೋಶಗಳಲ್ಲಿದೆ. ಈ ಔಷಧ ಇದ್ದಾಗ ಅದು ಕತ್ತರಿಸುತ್ತದೆ, ಬೆಸೆಯಲಾರದು. ಬೇಗ ಬೇಗ ವಿಭಜನೆಯಾಗುವ ಕೋಶಗಳಿಗೆ ಇದೇ ಸಾವು.

ಪ್ಯಾರಿಸಿನಲ್ಲಿ ಝಾನ್ ಬರ್ನಾರ್ ಮುಂತಾದ ವೈದ್ಯರು ಇದನ್ನು ರಕ್ತದ ಕ್ಯಾನ್ಸರಿಗೆ ಕೊಟ್ಟರು. ಕಾಯಿಲೆ ಹಿಮ್ಮೆಟ್ಟಿತು. ಆದರೆ 1967ರ ಹೊತ್ತಿಗೆ ಇನ್ನೊಂದು ಸತ್ಯ ತಿಳಿಯಿತು: ಔಷಧ ಹೃದಯದ ಮಾಂಸಕ್ಕೂ ಪೆಟ್ಟು ಕೊಡುತ್ತದೆ, ಅದರಿಂದ ಜೀವ ಹೋಗುವುದೂ ಉಂಟು.

ಅಣುವನ್ನು ಒಂದಿಷ್ಟು ಬದಲಿಸಿದರೆ ಹೃದಯಕ್ಕೆ ಆಗುವ ಕೇಡು ಕಡಿಮೆಯಾದೀತೇ ಎಂದು ಫಾರ್ಮಿಟಾಲಿಯಾದ ಫೆದೆರಿಕೊ ಅರ್ಕಮೋನೆ, ಔರೇಲಿಯೊ ಡಿ ಮಾರ್ಕೊ ಮತ್ತು ಸಂಗಡಿಗರು ಯೋಚಿಸಿದರು. ಆಗ ಜೀನನ್ನು ಹುಡುಕಿ ತಿದ್ದುವ ವಿದ್ಯೆ ಇರಲಿಲ್ಲ. ಇದ್ದದ್ದು ಕುರುಡು ದಾರಿ: ಬ್ಯಾಕ್ಟೀರಿಯಾಕ್ಕೆ ಡಿಎನ್‌ಎ ಕೆಡಿಸುವ ರಾಸಾಯನಿಕ ಹಾಕುವುದು, ಬದುಕಿ ಉಳಿದವುಗಳನ್ನು ಒಂದೊಂದಾಗಿ ಬೆಳೆಸಿ ಏನು ಬದಲಾಯಿತೆಂದು ನೋಡುವುದು. ಅವರು ಬಳಸಿದ್ದು ನೈಟ್ರೋಸೋಮೀಥೈಲ್ ಯುರೇಥೇನ್. ಅದು ತಾನೇ ಕ್ಯಾನ್ಸರ್ ತರಬಲ್ಲ ವಸ್ತು. ಕ್ಯಾನ್ಸರ್ ತರುವ ವಸ್ತುವನ್ನು ಹಾಕಿ ಕ್ಯಾನ್ಸರಿನ ಮದ್ದನ್ನು ಹೊರತೆಗೆದ ಆ ಕೈಗಳನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ಬದಲಾದ ಒಂದು ತಳಿ ಬೇರೊಂದು ಕೆಂಪು ವಸ್ತುವನ್ನು ಕೊಟ್ಟಿತು. ಹಳೆಯ ಅಣುವಿಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ ಒಂದು ಆಮ್ಲಜನಕದ ಪರಮಾಣು, 14ನೆಯ ಇಂಗಾಲದ ಮೇಲೆ. 1969ರಲ್ಲಿ ಪ್ರಕಟವಾದ ಈ ಅಣುವಿಗೆ ಏಡ್ರಿಯಾಟಿಕ್ ಸಮುದ್ರದ ನೆನಪಿನಲ್ಲಿ ಅಡ್ರಿಯಾಮೈಸಿನ್ ಎಂದು ಹೆಸರಿಟ್ಟರು. ಡಾಕ್ಸೊರುಬಿಸಿನ್ ಎಂಬುದು ಆಮೇಲೆ ಬಂದ ಹೆಸರು. ವಾರ್ಡುಗಳಲ್ಲಿ ಹಳೆಯದೇ ನಿಂತಿತು.

ಒಂದು ಪರಮಾಣು ಹೆಚ್ಚಿದ್ದಕ್ಕೆ ಔಷಧದ ವ್ಯಾಪ್ತಿಯೇ ಬೇರೆಯಾಯಿತು. ಡೌನೊರುಬಿಸಿನ್ ಹೆಚ್ಚಾಗಿ ರಕ್ತದ ಕ್ಯಾನ್ಸರಿಗಷ್ಟೇ ನಿಂತರೆ, ಇದು ಸ್ತನ, ಮೂಳೆ, ದುಗ್ಧಗ್ರಂಥಿಗಳ ಗಡ್ಡೆಗಳಿಗೂ ನಾಟಿತು. ಮಿಲಾನಿನ ರಾಷ್ಟ್ರೀಯ ಟ್ಯೂಮರ್ ಸಂಸ್ಥೆಯಲ್ಲಿ ಜಾನ್ನಿ ಬೊನಡೊನ್ನ ಅದನ್ನು ರೋಗಿಗಳಲ್ಲಿ ಪರೀಕ್ಷಿಸಿದರು. ಹಾಡ್ಜ್‌ಕಿನ್ ಕಾಯಿಲೆಗೆ ಇವತ್ತಿಗೂ ಬಳಕೆಯಲ್ಲಿರುವ ಎ.ಬಿ.ವಿ.ಡಿ. ಎಂಬ ನಾಲ್ಕು ಔಷಧಗಳ ಕೂಟವನ್ನು 1975ರಲ್ಲಿ ಪ್ರಕಟಿಸಿದವರೂ ಅವರೇ. ಅದರ ಮೊದಲ ಅಕ್ಷರ ಅಡ್ರಿಯಾಮೈಸಿನ್‌ದು. 1974ರಲ್ಲಿ ಅಮೆರಿಕ ಈ ಔಷಧಕ್ಕೆ ಒಪ್ಪಿಗೆ ಕೊಟ್ಟಿತ್ತು. ಹೃದಯದ ಕೇಡು ಮಾತ್ರ ತಪ್ಪಲಿಲ್ಲ. ಜೀವಮಾನದಲ್ಲಿ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ದಾಟಬಾರದೆಂಬ ಕಟ್ಟು ಬಂತು. ರೋಗಿಯ ಫೈಲಿನಲ್ಲಿ ಪ್ರತಿ ಸಲವೂ ಹಿಂದಿನ ಮೊತ್ತಕ್ಕೆ ಕೂಡಿಸಿ ಬರೆಯುವ ಆ ಕಾಲಂ ತುಂಬಿದ ಕೈ ನನ್ನದೂ ಹೌದು.

ಬೇಡಿಕೆ ಬಂತು, ಬ್ಯಾಕ್ಟೀರಿಯಾ ಮಾತ್ರ ತನ್ನ ಹಾದಿ ಬಿಡಲಿಲ್ಲ. ಫರ್ಮೆಂಟರ್ ತೊಟ್ಟಿಯಲ್ಲಿ ಪ್ಯೂಸೆಟಿಯಸ್ ಮಾಡುವುದು ಮುಖ್ಯವಾಗಿ ಡೌನೊರುಬಿಸಿನ್ ಮತ್ತು ಅದರ ನಂಟರನ್ನು. ಡಾಕ್ಸೊರುಬಿಸಿನ್ ಅದರಲ್ಲಿ ಚೂರು ಪಾಲು. ಹಾಗಾಗಿ ಕಾರ್ಖಾನೆಗಳು ಇನ್ನೊಂದು ದಾರಿ ಹಿಡಿದವು. ಹುದುಗು ಬರಿಸಿ ಡೌನೊರುಬಿಸಿನ್ ತೆಗೆಯುವುದು, ಆಮೇಲೆ ರಸಾಯನಶಾಲೆಯಲ್ಲಿ ಅದಕ್ಕೆ ಬ್ರೋಮಿನ್ ಸೇರಿಸಿ, ಅದನ್ನು ಕಿತ್ತು, ಅಲ್ಲಿ ಆಮ್ಲಜನಕವನ್ನು ಕೂರಿಸುವುದು. ಆ ಒಂದು ಪರಮಾಣುವಿಗಾಗಿ ಇಷ್ಟೆಲ್ಲ ಹಂತ, ದ್ರಾವಕ, ತ್ಯಾಜ್ಯ. ಪ್ರತಿ ಹಂತದಲ್ಲೂ ಒಂದಿಷ್ಟು ನಷ್ಟ.

ಬ್ಯಾಕ್ಟೀರಿಯಾ ಯಾಕೆ ಇಷ್ಟು ಬಿಗಿ? ಈ ಪ್ರಶ್ನೆಯನ್ನು ಜೀನುಗಳ ಮಟ್ಟದಲ್ಲಿ ಕೇಳಿದವರು ಅಮೆರಿಕದ ಮ್ಯಾಡಿಸನ್‌ನಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಹಚಿನ್ಸನ್ ಮತ್ತು ಅವರ ಪ್ರಯೋಗಾಲಯದವರು. ಉತ್ತರದ ಮೊದಲ ತುಣುಕು 1991ರಲ್ಲಿ ಸಿಕ್ಕಿತು. ಈ ಅಣು ಡಿಎನ್‌ಎಗೆ ನುಗ್ಗುವುದೆಂದ ಮೇಲೆ ಮಾಡಿದ ಬ್ಯಾಕ್ಟೀರಿಯಾದ ಡಿಎನ್‌ಎಗೂ ನುಗ್ಗಬೇಕಲ್ಲ? ಅದಕ್ಕೆಂದೇ ಅದು ತನ್ನ ಕೋಶದ ಪೊರೆಯಲ್ಲಿ ಪಂಪು ಇಟ್ಟುಕೊಂಡಿದೆ. ಅದನ್ನು ಕಟ್ಟುವ ಎರಡು ಜೀನುಗಳಿಗೆ ಡಿ.ಆರ್.ಆರ್.-ಎ, ಡಿ.ಆರ್.ಆರ್.-ಬಿ ಎಂದು ಹೆಸರು. ಒಳಗೆ ತಯಾರಾದ ಔಷಧವನ್ನು ಅದು ಹೊರಕ್ಕೆಸೆಯುತ್ತಲೇ ಇರುತ್ತದೆ. ಎಸೆಯುವ ಶಕ್ತಿ ಎಷ್ಟೋ ಅಷ್ಟೇ ತಯಾರಿಕೆ. ಮೀರಿದರೆ ತಾನೇ ಸಾಯಬೇಕು.

ಆಮೇಲಿನ ವರ್ಷಗಳಲ್ಲಿ ತಯಾರಿಕೆಯ ಪೂರ್ತಿ ಹಾದಿ ಬಿಚ್ಚಿಕೊಂಡಿತು. ಮೂರು ಇಂಗಾಲಗಳ ತುಣುಕೊಂದರಿಂದ ಶುರು. ಅದಕ್ಕೆ ಎರಡೆರಡು ಇಂಗಾಲಗಳಂತೆ ಒಂಬತ್ತು ಸಲ ಸೇರಿಸಿ 21 ಇಂಗಾಲಗಳ ಸರಪಳಿ. ಅದು ಮಡಿಸಿಕೊಂಡು ಉಂಗುರಗಳಾಗುತ್ತದೆ. ಗ್ಲೂಕೋಸಿನಿಂದ ಪ್ರತ್ಯೇಕವಾಗಿ ತಯಾರಾದ ಡೌನೊಸಮಿನ್ ಎಂಬ ಸಕ್ಕರೆ ಬಂದು ಅಂಟುತ್ತದೆ. ಕೊನೆಗೆ ಡಾಕ್ಸ್-ಎ ಎಂಬ ಕಿಣ್ವದ ಸರದಿ. ಈ ಕಿಣ್ವದ ಮೇಲೆ ಹಚಿನ್ಸನ್ ಅವರಂತೆಯೇ ಒಹಾಯೊದಲ್ಲಿ ವಿಲಿಯಂ ಸ್ಟ್ರೋಲ್ ತಂಡವೂ ದುಡಿಯಿತು. ಸೋಜಿಗವೆಂದರೆ ಡಾಕ್ಸ್-ಎ ಒಂದೇ ಮೂರು ಕೆಲಸ ಮಾಡುತ್ತದೆ. 13ನೆಯ ಇಂಗಾಲಕ್ಕೆ ಸಂಬಂಧಿಸಿದ ಮೊದಲೆರಡನ್ನು ಚುರುಕಾಗಿ ಮುಗಿಸಿ ಡೌನೊರುಬಿಸಿನ್ ಕೊಡುತ್ತದೆ. 14ನೆಯ ಇಂಗಾಲಕ್ಕೆ ಆಮ್ಲಜನಕ ಕೂರಿಸುವ ಮೂರನೆಯದಕ್ಕೆ ಬಂದಾಗ ಕುಂಟುತ್ತದೆ. ಹೊಲದಿಂದ ಬಂದ ತಾಯಂದಿರ ಪ್ರಶ್ನೆಗೆ ಉತ್ತರ ಈ ಮೂರನೆಯ ಕೆಲಸದಲ್ಲಿದೆ.

ಇಲ್ಲಿ ನಟಾಲಿಯಾ ಲೊಮೊವ್‌ಸ್ಕಯಾ ಅವರನ್ನು ನೆನೆಯಲೇಬೇಕು. ಸೋವಿಯತ್ ಕಾಲದ ಮಾಸ್ಕೋದಲ್ಲಿ ಸ್ಟ್ರೆಪ್ಟೊಮೈಸಿಸ್‌ಗಳ ಮೇಲೆ ದಾಳಿ ಮಾಡುವ ಫೈ-ಸಿ-31 ಎಂಬ ವೈರಸ್ಸಿನ ಮೇಲೆ ಅಡಿಪಾಯದ ಕೆಲಸ ಮಾಡಿದವರು ಅವರು. ಈ ಕುಲದ ಬ್ಯಾಕ್ಟೀರಿಯಾಕ್ಕೆ ಹೊಸ ಜೀನು ಸೇರಿಸಲು ಇಂದಿಗೂ ಆ ವೈರಸ್ಸಿನ ಉಪಕರಣಗಳನ್ನು ಹೆಚ್ಚಾಗಿ ಬಳಸುತ್ತಾರೆ. ಆಮೇಲೆ ಅವರು ಮ್ಯಾಡಿಸನ್‌ಗೆ ಬಂದು ಹಚಿನ್ಸನ್ ತಂಡದೊಡನೆ ಪ್ಯೂಸೆಟಿಯಸ್ ಮೇಲೆ ಕೂತರು. ಔಷಧ ತಯಾರಾಗುವ ಹಾದಿಯಲ್ಲಿ ಸೋರಿಕೆಗಳಿರುವುದು ಕಂಡಿತ್ತು. ಡೌನೊರುಬಿಸಿನ್ ಆಗಬೇಕಾದದ್ದರ ಒಂದು ಪಾಲಿಗೆ ಬ್ಯಾಕ್ಟೀರಿಯಾ ಮತ್ತೊಂದು ಸಕ್ಕರೆಯಂಥ ಭಾಗವನ್ನು ಅಂಟಿಸಿ ಬೌಮೈಸಿನ್ ಮಾಡಿಬಿಡುತ್ತದೆ. ಇನ್ನೊಂದು ಕಿಣ್ವ 13ನೆಯ ಇಂಗಾಲದಲ್ಲಿ ಆದ ಕೆಲಸವನ್ನು ಹಿಂದಕ್ಕೆ ತಿರುಗಿಸುತ್ತದೆ. ಬೌಮೈಸಿನ್ ದಾರಿಯ ಡಿ.ಎನ್.ಆರ್.-ಎಚ್ ಜೀನನ್ನು 1996ರಲ್ಲಿ ಕೆಡಿಸಿದಾಗ ಡೌನೊರುಬಿಸಿನ್ ಹಲವು ಪಟ್ಟು ಹೆಚ್ಚಾಯಿತು. 1999ರಲ್ಲಿ ಲೊಮೊವ್‌ಸ್ಕಯಾ ಮತ್ತು ಸಂಗಡಿಗರು ಸೋರಿಕೆಯ ಇನ್ನೆರಡು ಜೀನುಗಳನ್ನು ಮುಚ್ಚಿ, ಡಾಕ್ಸ್-ಎ ಜೊತೆಗೆ ಅದರ ನೆರೆಯ ಡಿ.ಎನ್.ಆರ್.-ವಿ ಎಂಬ ಜೀನಿನ ಹೆಚ್ಚಿನ ಪ್ರತಿಗಳನ್ನು ಕೊಟ್ಟಾಗ ಡಾಕ್ಸೊರುಬಿಸಿನ್ ಪಾಲು ಏರಿತು. ಡಿ.ಎನ್.ಆರ್.-ವಿ ಯಾಕೆ ನೆರವಾಗುತ್ತದೆ ಎಂಬುದು ಆಗ ಬಗೆಹರಿಯಲಿಲ್ಲ.

ಅದೇ ತಂಡದ ಇನ್ನೊಂದು ಕೆಲಸ ನನ್ನ ಮನಸ್ಸಿಗೆ ಬಹಳ ಹತ್ತಿರ. ಎಪಿರುಬಿಸಿನ್ ಎಂಬುದು ಡಾಕ್ಸೊರುಬಿಸಿನ್‌ನ ತಂಗಿ. ಸಕ್ಕರೆಯ ಮೇಲಿನ ಒಂದು ಗುಂಪು ಅತ್ತ ಮುಖ ಮಾಡುವ ಬದಲು ಇತ್ತ ತಿರುಗಿದೆ, ಅಷ್ಟೇ ಬೇರೆ. ಹೃದಯಕ್ಕೆ ಇದು ತುಸು ಸೌಮ್ಯ. ಒಟ್ಟು ಮಿತಿ 900ರ ಸುಮಾರಿಗೆ ಹೋಗುತ್ತದೆ. ಪ್ರಕೃತಿಯಲ್ಲಿ ಪ್ಯೂಸೆಟಿಯಸ್ ಇದನ್ನು ಮಾಡುವುದಿಲ್ಲ. ರಸಾಯನಶಾಸ್ತ್ರಜ್ಞರು ಬಹಳ ಶ್ರಮಪಟ್ಟು ಆ ಗುಂಪನ್ನು ತಿರುಗಿಸುತ್ತಿದ್ದರು. ಹಚಿನ್ಸನ್ ತಂಡ 1998ರಲ್ಲಿ ಪ್ಯೂಸೆಟಿಯಸ್‌ನ ಒಂದು ಜೀನನ್ನು ಸುಮ್ಮನಾಗಿಸಿ ಅದರ ಜಾಗದಲ್ಲಿ ಸ್ಟ್ರೆಪ್ಟೊಮೈಸಿಸ್ ಅವರ್ಮಿಟಿಲಿಸ್‌ನ ಜೀನನ್ನು ಇಟ್ಟಿತು. ಸಕ್ಕರೆ ತಿರುಗಿತು, ಬ್ಯಾಕ್ಟೀರಿಯಾ ತಾನೇ ಎಪಿರುಬಿಸಿನ್ ಮಾಡಿತು. ಈ ಅವರ್ಮಿಟಿಲಿಸ್ ಜಪಾನಿನ ಸತೋಶಿ ಒಮುರಾ ಅವರಿಗೆ ಇಟೋ ಊರಿನ ಗಾಲ್ಫ್ ಮೈದಾನದ ಬಳಿಯ ಮಣ್ಣಿನಲ್ಲಿ ಸಿಕ್ಕಿದ್ದು. ಹುಳುಬಾಧೆಗೆ ಕೊಡುವ ಐವರ್‌ಮೆಕ್ಟಿನ್‌ಗೆ ಅದೇ ಮೂಲ, 2015ರ ನೊಬೆಲ್ ಬಂದದ್ದೂ ಅದಕ್ಕೇ. ಜಪಾನಿನ ಮಣ್ಣಿನ ಜೀನು, ಇಟಲಿಯ ಮಣ್ಣಿನ ಬ್ಯಾಕ್ಟೀರಿಯಾ, ಕೂಡಿಸಿದ್ದು ಅಮೆರಿಕದಲ್ಲಿ.

2012ರ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಡಾಕ್ಸೊರುಬಿಸಿನ್ ಅನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಡಾಕ್ಸಿಲ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ತೀವ್ರ ಕೊರತೆ ಬಂದಿತ್ತು. ತಯಾರಿಸಿಕೊಡುತ್ತಿದ್ದ ಘಟಕ ಕೆಲಸ ನಿಲ್ಲಿಸಿದ್ದೇ ಕಾರಣ. ಆ ಫೆಬ್ರವರಿಯಲ್ಲಿ ಅಮೆರಿಕ ಭಾರತದ ಸನ್ ಫಾರ್ಮಾ ಮಾಡುವ ಲಿಪೊಡಾಕ್ಸ್ ಅನ್ನು ತರಿಸಿಕೊಂಡಿತು. ಅಲ್ಲಿ ಕೈಕೊಟ್ಟದ್ದು ಬ್ಯಾಕ್ಟೀರಿಯಾ ಅಲ್ಲ, ನಿಜ. ಆದರೆ ಇಷ್ಟು ಹಂತಗಳಿರುವ ಔಷಧದಲ್ಲಿ ಯಾವುದೊಂದು ಕೊಂಡಿ ಕಳಚಿದರೂ ಕೊನೆಗೆ ಕಾಯುವವರು ಆಸ್ಪತ್ರೆಯ ಕುರ್ಚಿಯಲ್ಲಿ ಕೂತವರು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇರುವ ಮದ್ದು ಇದು. ಹಂತ ಕಡಿಮೆಯಾದಷ್ಟೂ ನಮಗೆ ಧೈರ್ಯ.

ಕುಂಟುವ ಆ ಮೂರನೆಯ ಕೆಲಸಕ್ಕೆ ಮತ್ತೆ ಕೈ ಹಾಕಿದವರು ಫಿನ್‌ಲೆಂಡಿನವರು. ಟುರ್ಕು ವಿಶ್ವವಿದ್ಯಾಲಯದಲ್ಲಿ ಪೆಕ್ಕ ಮ್ಯಾಂಟ್ಸಲ ಅವರ ಕಾಲದಿಂದಲೂ ಈ ಬಗೆಯ ಕೆಂಪು ಅಣುಗಳ ಅಧ್ಯಯನಕ್ಕೆ ದೊಡ್ಡ ಪರಂಪರೆಯಿದೆ. ಈಗ ಮಿಕ್ಕೊ ಮೆಟ್ಸ-ಕೆಟೆಲ ಅವರ ತಂಡ 2025ರಲ್ಲಿ ಪ್ರಕಟಿಸಿದ ಕೆಲಸ ಡಾಕ್ಸ್-ಎ ಯಾಕೆ ಸೋಲುತ್ತದೆ ಎಂಬುದನ್ನು ಒಂದೊಂದಾಗಿ ಬಿಡಿಸುತ್ತದೆ. ಡಾಕ್ಸ್-ಎ ಕೆಲಸಕ್ಕೆ ಎಲೆಕ್ಟ್ರಾನುಗಳು ಬೇಕು. ಅವನ್ನು ತಂದುಕೊಡುವುದು ಫೆರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನು, ಅದಕ್ಕೆ ತುಂಬಿಸಿಕೊಡುವುದು ರಿಡಕ್ಟೇಸ್ ಎಂಬ ಮತ್ತೊಂದು. ಈವರೆಗೆ ಡಾಕ್ಸ್-ಎ ಪ್ರತಿಗಳನ್ನು ಮಾತ್ರ ಹೆಚ್ಚಿಸಿದ್ದು, ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಹೂಡಿದಂತೆ ಆಗಿತ್ತು. ತಕ್ಕ ಫೆರೆಡಾಕ್ಸಿನ್, ತಕ್ಕ ರಿಡಕ್ಟೇಸ್ ಯಾವುವೆಂದು ಅವರು ಆ ಬ್ಯಾಕ್ಟೀರಿಯಾದಲ್ಲೇ ಗುರುತಿಸಿದರು. ಡಿ.ಎನ್.ಆರ್.-ವಿಯ ಒಗಟೂ ಬಿಡಿಸಿಕೊಂಡಿತು: ತಯಾರಾದ ಡಾಕ್ಸೊರುಬಿಸಿನ್ ಮರಳಿ ಕಿಣ್ವಕ್ಕೇ ಅಡ್ಡಿಯಾಗುತ್ತದೆ, ಡಿ.ಎನ್.ಆರ್.-ವಿ ಅದನ್ನು ಹಿಡಿದು ದೂರ ಇಡುತ್ತದೆ. ಕಿಣ್ವದ ಸ್ಫಟಿಕ ರಚನೆ ನೋಡಿದಾಗ, ಡೌನೊರುಬಿಸಿನ್ ಅದರ ಗೂಡಿನಲ್ಲಿ ಮೂರನೆಯ ಕೆಲಸಕ್ಕೆ ಒದಗದ ಭಂಗಿಯಲ್ಲಿ ಕೂರುತ್ತದೆ ಎಂಬುದೂ ತಿಳಿಯಿತು. ಇವುಗಳನ್ನೆಲ್ಲ ಗಮನಿಸಿ ತಿದ್ದಿದ ತಳಿ ಡಾಕ್ಸೊರುಬಿಸಿನ್ ಅನ್ನು ಶೇ. 180ರಷ್ಟು ಹೆಚ್ಚು ಕೊಟ್ಟಿತು. ಬ್ರೋಮಿನ್ ಹಾದಿ ತಪ್ಪಿಸಿ ಬ್ಯಾಕ್ಟೀರಿಯಾದಿಂದಲೇ ನೇರವಾಗಿ ಔಷಧ ತೆಗೆಯುವ ಕನಸಿಗೆ ಇದು ದೊಡ್ಡ ಹೆಜ್ಜೆ. ಪ್ರಯೋಗಾಲಯದ ಪಾತ್ರೆಯಿಂದ ಕಾರ್ಖಾನೆಯ ತೊಟ್ಟಿಗೆ ಹೋಗುವುದು ಇನ್ನೊಂದು ದುಡಿಮೆ.

ಇಳುವರಿ ಹೆಚ್ಚಿದರೆ ಫೈಲಿನ ಆ ಕಾಲಂ ಹೋಗುವುದಿಲ್ಲ. ಹೃದಯದ ಮಿತಿ ಇದ್ದೇ ಇರುತ್ತದೆ. ಆದರೆ ಅದಕ್ಕೂ ಬ್ಯಾಕ್ಟೀರಿಯಾದ ಕಡೆಯಿಂದಲೇ ಒಂದು ಬೆಳಕು ಕಾಣುತ್ತಿದೆ. ಈ ಔಷಧಗಳು ಡಿಎನ್‌ಎ ಮುರಿಯುವುದರ ಜೊತೆಗೆ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳನ್ನೂ ಕಿತ್ತೊಗೆಯುತ್ತವೆ ಎಂದು ನೆದರ್ಲೆಂಡ್ಸಿನ ನೇಫ್ಯೆಸ್ ತಂಡ 2013ರಲ್ಲಿ ತೋರಿಸಿತು. ಸಕ್ಕರೆಯ ಮೇಲಿನ ಸಾರಜನಕಕ್ಕೆ ಎರಡು ಮೀಥೈಲ್ ಗುಂಪು ಸೇರಿಸಿದರೆ ಡಿಎನ್‌ಎ ಮುರಿಯುವ ಗುಣ ಹೋಗಿ ಹಿಸ್ಟೋನ್ ಕೀಳುವ ಗುಣ ಉಳಿಯುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ, ಇಲಿಗಳ ಹೃದಯ ಕೆಡುವುದಿಲ್ಲ ಎಂದು 2020ರಲ್ಲಿ ಪ್ರಕಟಿಸಿತು. ಆ ಎರಡು ಮೀಥೈಲ್‌ಗಳನ್ನು ಸಕ್ಕರೆಗೆ ತಾನಾಗಿಯೇ ಸೇರಿಸುವ ಸ್ಟ್ರೆಪ್ಟೊಮೈಸಿಸ್ ಕೂಡ ಮಣ್ಣಿನಲ್ಲಿದೆ: ಅಕ್ಲರುಬಿಸಿನ್ ಕೊಡುವ ಗಲಿಲೇಯಸ್. ಜಪಾನಿನ ಜೀನು ಇಟಲಿಯ ಬ್ಯಾಕ್ಟೀರಿಯಾದಲ್ಲಿ ಸಕ್ಕರೆಯನ್ನು ತಿರುಗಿಸಬಲ್ಲುದಾದರೆ, ಗಲಿಲೇಯಸ್‌ನ ಜೀನು ಪ್ಯೂಸೆಟಿಯಸ್‌ನಲ್ಲಿ ಈ ಕೆಲಸವನ್ನು ಯಾಕೆ ಮಾಡಬಾರದು? ನಾನು ಎದುರು ನೋಡುತ್ತಿರುವುದು ಆ ತಳಿಯನ್ನು.